ಮುಂದಿನ ಬೆಂಚಿನ ಕಂಪನ

1939ರ ಜುಲೈ 14, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಶ್ರೀರಾಮಪ್ಪ ಸೀಮೆಎಣ್ಣೆ ದೀಪದ ಮೇಲೆ ನುಣುಪು ಕಾಗದ ಹಿಡಿದು ಮಸಿ ಹತ್ತಿಸುತ್ತಿದ್ದ. ದಿನವೂ ಒಂದು ಹಾಳೆ ಸಾಕಾಗುತ್ತಿತ್ತು. ಅಂದು ಎರಡು: ಒಂದು ಭೂಮಿಗೆ, ಇನ್ನೊಂದು ಮಗಳ ಕುಂಡೆಗೆ.

ಭೂಮಿಯದ್ದು ಅವನ ಉದ್ಯೋಗ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ನೆಲ ಎಷ್ಟು ಅಲುಗಿತೆಂದು ಬರೆಯುವ ಯಂತ್ರವೊಂದಿತ್ತು. ತಿರುಗುವ ಡ್ರಮ್ಮಿಗೆ ಮಸಿ ಕಾಗದ ಸುತ್ತಿದರೆ ಸೂಜಿ ಅದರ ಮೇಲೆ ಬಿಳಿ ಗೆರೆ ಕೊರೆಯುತ್ತಿತ್ತು. ನೆಲ ನಡುಗಿದರೆ ಗೆರೆಗೆ ಹಲ್ಲು ಮೂಡುತ್ತಿತ್ತು. ಹಾಳೆ ಬದಲಿಸಿ, ಮಸಿ ಅಳಿಸದಂತೆ ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಗಣಿಯೊಳಗೆ ಇಳಿದವನಲ್ಲ. ಕತ್ತಲೆಂದರೆ ಭಯ. ಕೇಳಿದವರಿಗೆ, "ನಾನೂ ಇಳಿದ್ರೆ ಭೂಮೀನ ಮೇಲಿಂದ ನೋಡ್ಕೊಳೋರ್ಯಾರು?" ಎನ್ನುತ್ತಿದ್ದ.

ಮಗಳು ಮುತ್ಯಾಲಮ್ಮನಿಗೆ ಒಂಬತ್ತು ವರ್ಷ. ಕ್ಯಾಸಂಬಳ್ಳಿ ದಾರಿಯ ಶಾಲೆಯಲ್ಲಿ ಅರ್ಧ ಲೆಕ್ಕ ಮಾಡಿ ಕಿಟಕಿಗೆ ಓಡುವಳು, ಉಳಿದರ್ಧ ಅಲ್ಲೇ ಮರೆಯುವಳು. ಹೆಡ್‌ಮೇಷ್ಟ್ರು ಮುನಿಸ್ವಾಮಪ್ಪ ಅವಳನ್ನು ಮುಂದಿನ ಬೆಂಚಿಗೆ, ತಮ್ಮ ಕುರ್ಚಿಯ ಎದುರಿಗೇ ತಂದು ಕೂರಿಸಿದರು. ಅದೂ ಫಲಿಸಲಿಲ್ಲ. ಅಪ್ಪನನ್ನು ಕರೆಸಿದರು.

"ಇದು ಕೂರೋ ಜೀವ ಅಲ್ಲ ಕಣಯ್ಯಾ. ಹಾಜರಿ ಪುಸ್ತಕದಿಂದ ಎಸ್ರು ಒಡೆದಾಕ್ತೀನಿ. ಅಜ್ಜಿ ಊರ್ಗೆ ಕಳ್ಸು, ಎಮ್ಮೆ ಮೇಯಿಸ್ಲಿ."

ಆ ವಾರವೇ ಪರಿಚಯದ ಡಾಕ್ಟರೊಬ್ಬರು ಹೇಳಿದ್ದರು: ಪರದೇಶದಲ್ಲಿ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಬರೆಸುತ್ತಾರಂತೆ, ಕೂತಲ್ಲಿ ಕೂರದ ಕೆಲವು ಮಕ್ಕಳ ಅಲೆ ನಿಧಾನವಂತೆ. ಓಡುವ ಮಗುವಿಗೆ ನಿಧಾನದ ಅಲೆ! ಮಗಳ ಅಲೆಯನ್ನು ತಾನೇ ಬರೆಸಿ ನೋಡಬೇಕೆಂದು ಶ್ರೀರಾಮಪ್ಪ ಹೊರಟ. ಆದರೆ ಆ ಅಲೆ ಒಂದು ವೋಲ್ಟಿನ ಲಕ್ಷ ಪಾಲಿನಲ್ಲಿ ಕೆಲವೇ ಪಾಲು. ಗಣಿಯಲ್ಲಿದ್ದ ಮೀಟರುಗಳೆಲ್ಲ ಪಂಪಿನ ಮೋಟಾರು ಅಳೆಯುವಂಥವು. ಆದರೂ ತಂತಿ ಹಿಡಿದು ಮಗಳ ಬಳಿಗೆ ಹೋದ. ಹೆಂಡತಿ ಗಂಗರತ್ನಮ್ಮ ಮುದ್ದೆ ತಿರುವುವ ಕೋಲು ಎತ್ತಿದಳು.

"ಮಗೀನ್ ತಲೆ ಮುಟ್ಟಿದ್ರೆ ನೋಡು! ಮೇಷ್ಟ್ರು ದೂರಿರೋದು ಕೂರೋ ಜಾಗದ್ ಮೇಲೆ ಕಣಯ್ಯಾ. ಅಳೆಯೋದಾದ್ರೆ ತಿಕ ಅಳಿ."

ವೈಜ್ಞಾನಿಕವಾಗಿ ಇದು ಸರಿಯಾದ ಸಲಹೆ. ಗಣಿಯವರು ಎಸೆದಿದ್ದ ಹಳೆಯ ಡ್ರಮ್ಮೊಂದನ್ನು ಅವನು ರಿಪೇರಿ ಮಾಡಿದ. ನಿಮಿಷಕ್ಕೊಂದು ಸುತ್ತು, ಪ್ರತಿ ಸುತ್ತಿಗೂ ಹೊಸ ಸಾಲು. ಅದನ್ನು ಬೆಂಚಿನಡಿ ಕಟ್ಟಲು ಹೆಡ್‌ಮೇಷ್ಟ್ರು ಒಪ್ಪಿ, ಷರತ್ತು ಹಾಕಿದರು: ಅರ್ಧ ಗಂಟೆಯಲ್ಲಿ ಹುಡುಗಿ ನೂರು ಸಲಕ್ಕಿಂತ ಹೆಚ್ಚು ಅಲುಗಿದರೆ ಹೆಸರು ಹೋಯಿತು.

ಶುಕ್ರವಾರ ಹತ್ತೂವರೆಯಿಂದ ಹನ್ನೊಂದು. ಹಾಳೆ ಬಿಚ್ಚಿದರೆ ತುಂಬ ಹಲ್ಲು.

"ನೋಡ್ದಾ? ಗರಗಸ!" ಎಂದು ಹೆಡ್‌ಮೇಷ್ಟ್ರು ಕೈ ತಟ್ಟಿದರು.

ಶ್ರೀರಾಮಪ್ಪ ಹಾಳೆಯನ್ನು ಬೆಳಕಿಗೆ ಹಿಡಿದ. ಹಲ್ಲುಗಳು ಒಂದೇ ಎತ್ತರ, ಒಂದೇ ಅಂತರ, ಸೆಕೆಂಡಿಗೆ ನಾಲ್ಕು. ಮಗು ಹೀಗೆ ಅಲುಗದು, ಭೂಮಿಯೇ ಅಲುಗಿದೆ ಎಂದುಕೊಂಡು ಗಣಿಯ ಕಚೇರಿಗೆ ಓಡಿದ. ಗುಮಾಸ್ತ ಆಂಜಿನಪ್ಪ ಅದೇ ಅರ್ಧ ಗಂಟೆಯ ಗಣಿ ಹಾಳೆ ತೆಗೆದು ನೋಡಿದ. ನೂಲು ಹಿಡಿದಂಥ ಗೆರೆ.

"ನಿನ್ ಮಗಳು ಕೂತ್ರೆ ಗಣಿ ಕುಸೀತದಾ? ಓಗ್ಲಾ!"

ಸಂಜೆ ಮನೆಯಲ್ಲಿ ಮತ್ತೆ ಹಾಳೆ ಹರಡಿದ. ಹದಿಮೂರನೇ ಸಾಲಿನಿಂದ ಹದಿನೆಂಟರವರೆಗೆ ಹಲ್ಲೇ ಇಲ್ಲ, ಉಬ್ಬಿನಂತೆ ಎದ್ದ ಎರಡು ಕುಪ್ಪಳ ಮಾತ್ರ. "ಈ ಆರು ನಿಮಿಷ ಏನ್ ಮಾಡ್ತಿದ್ದೆ?" ಎಂದು ಮಗಳನ್ನು ಕೇಳಿದ.

"ಮೇಷ್ಟ್ರುನ್ನ ನೋಡ್ತಿದ್ದೆ," ಎಂದಳು ಮುತ್ಯಾಲಮ್ಮ, ಮಂಚಕ್ಕೆ ತಲೆಕೆಳಗಾಗಿ ಜೋತು. "ಎದ್ದು ಬೇಲಿ ತಾವ ಓದ್ರಲ್ಲಪ್ಪಾ. ನಶ್ಯ ಹಾಕಿದ್ರು. ಮೂರ್ ಸಲ ಸೀನಿದ್ರು. ನಾಕನೇದಕ್ಕೆ ಬಾಯ್ ಬಿಟ್ಕೊಂಡ್ ನಿಂತಿದ್ರು, ಬರ್ಲೇ ಇಲ್ಲ."

ಶ್ರೀರಾಮಪ್ಪನಿಗೆ ಶಾಲೆಯ ನೆಲ ನೆನಪಾಯಿತು. ಗಣಿಯ ಹಳೆಯ ಮರದ ಹಲಗೆ ಹಾಸಿದ ನೆಲ. ಬೆಂಚು, ಕುರ್ಚಿ ಎರಡೂ ಒಂದೇ ಹಲಗೆಯ ಮೇಲೆ. ಹೆಡ್‌ಮೇಷ್ಟ್ರ ಬಲ ಮೊಣಕಾಲೂ ನೆನಪಾಯಿತು.

ಅವನು ಭೂತಗನ್ನಡಿ ತೆಗೆದುಕೊಂಡು ಎಣಿಸಲು ಕುಳಿತ. ಹಲ್ಲುಗಳೆಲ್ಲ ಒಂದು ಕಡೆ, ಅವುಗಳ ನಡುವೆ ಎದ್ದ ಕುಪ್ಪಳಗಳು ಇನ್ನೊಂದು ಕಡೆ. ಎರಡು ಸಲ ಎಣಿಸಿದ, ಮೊತ್ತ ಬದಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಹೆಡ್‌ಮೇಷ್ಟ್ರು ಹಾಜರಿ ಪುಸ್ತಕ ತೆರೆದು ಕೆಂಪು ಶಾಯಿಯಲ್ಲಿ ಲೇಖನಿ ಅದ್ದಿದ್ದರು. ಶ್ರೀರಾಮಪ್ಪ ಹಾಳೆಯನ್ನು ಮೇಜಿನ ಮೇಲಿಟ್ಟ.

"ನನ್ ಮಗಳದು ಈ ಕುಪ್ಪಳ ಸಾರ್. ಮೂವತ್ತೊಂದು. ತಾವು ನಶ್ಯಕ್ಕೆ ಓಗಿದ್ದ ಆರು ನಿಮಿಷ ಹಲ್ಲಿಲ್ಲ, ನೋಡಿ."

ಹೆಡ್‌ಮೇಷ್ಟ್ರು ನೋಡಿದರು. ಮುಂದಿನ ಬೆಂಚಿನಿಂದ ಮುತ್ಯಾಲಮ್ಮ ಮೇಜಿನ ಕೆಳಗೆ ನೋಡಿದಳು. ಅಲ್ಲಿ ಬಲ ಮೊಣಕಾಲು ಸೆಕೆಂಡಿಗೆ ನಾಲ್ಕರಂತೆ ಕುಣಿಯುತ್ತಿತ್ತು. ಅವರೂ ಬಗ್ಗಿ ನೋಡಿದ ಮೇಲೆ ನಿಂತಿತು. ಲೇಖನಿಯ ಕೆಂಪು ಶಾಯಿಯನ್ನು ಒರೆಸಿ, ಪುಸ್ತಕ ಮುಚ್ಚಿದರು.

"ಇರ್ಲಿ ಬಿಡು, ಕೂತ್ಕಳ್ಲಿ," ಎಂದರು. ಆಮೇಲೆ ದನಿ ತಗ್ಗಿಸಿ, "ನಂದು ಎಷ್ಟಯ್ಯಾ?" ಎಂದು ಕೇಳಿದರು.

ಶ್ರೀರಾಮಪ್ಪ ದನಿ ತಗ್ಗಿಸಲಿಲ್ಲ. ಇಡೀ ತರಗತಿಗೆ ಕೇಳುವಂತೆ ಹೇಳಿದ:

"ಐದು ಸಾವಿರದ ಏಳ್ನೂರ ಅರವತ್ತು."