ಕೋಟೆಯ ಮಗ್ಗ

ಮೆಟ್ಟುಪಾಳ್ಯದ ಹತ್ತಿರ ಗುಡ್ಡದ ಮೇಲಿದ್ದ ಹಳೆಯ ಕೋಟೆ ಹೋಟೆಲಾದ ಮೇಲೆ ನಾಚಿಯಮ್ಮನ ನೆಮ್ಮದಿ ಕೆಟ್ಟಿತು. ಅರಸರ ಕಾಲದ ಕಣಜದಲ್ಲಿ ಕೈಮಗ್ಗ ಹೂಡುತ್ತಾರಂತೆ, ಅತಿಥಿಗಳ ಮುಂದೆ ಒಬ್ಬಳು ಕೂತು ಸೀರೆ ನೇಯಬೇಕಂತೆ. ಬೀದಿಯಲ್ಲಿ ಅವಳಷ್ಟು ವರ್ಷ ಲಾಳಿ ಹಿಡಿದವರು ಯಾರಿದ್ದಾರೆ? ಹೋಟೆಲಿನ ಮ್ಯಾನೇಜರ್ ವಸಂತಕುಮಾರ್ ಮನೆಗೇ ಬಂದ, ಅವಳು ಕೊಟ್ಟ ಕಾಫಿ ಕುಡಿದ, ಅವಳ ಓರಗಿತ್ತಿ ಸುಗನ್ಯಾಳನ್ನು ಆರಿಸಿ ಹೋದ.

ಸುಗನ್ಯಾಗೆ ನೇಯ್ಗೆ ಕಲಿಸಿದ್ದೇ ನಾಚಿಯಮ್ಮ. ಮದುವೆಯಾಗಿ ಬಂದಾಗ ಅವಳಿಗೆ ಹರಿದ ಎಳೆಗೆ ಗಂಟು ಹಾಕಲೂ ಬರುತ್ತಿರಲಿಲ್ಲ. ಈಗಲೂ ಅವಳ ಕೆಲಸ ಸುಮಾರು; ನಗು ಮಾತ್ರ ಚೆನ್ನ. ಆ ನಗು ನೆನೆದರೇ ನಾಚಿಯಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಮನೆತನದಲ್ಲಿ ಹೊಸ ಮಗ್ಗಕ್ಕೆ ಬರಿಯ ಹಣಿಗೆ ಹೂಡುವುದಿಲ್ಲ. ಎಳೆಗಳು ತೂರಿ ಬರುವ ಆ ಬಾಚಣಿಗೆಯನ್ನು ಮನೆಯ ಹಿರಿಯಳು ತನ್ನ ಮಗ್ಗದಿಂದ, ನೇಯ್ದು ಮುಗಿದ ಹಾಸಿನ ಉದ್ದೆಳೆಗಳ ತುದಿಗಳ ಸಮೇತ ಕೊಡಬೇಕು. ಆ ತುದಿಗಳಿಗೇ ಹೊಸ ಎಳೆಗಳನ್ನು ಹೊಸೆದು ಮಗ್ಗ ಶುರು ಮಾಡುತ್ತಾರೆ; ತುದಿಗಳಿಲ್ಲದಿದ್ದರೆ ಒಂದೊಂದೇ ಎಳೆಯನ್ನು ಹಣಿಗೆಯ ಸಂದಿಗೆ ತೂರಿಸಬೇಕು.

“ಅಕ್ಕಾ, ನಾಳಿಕ್ಕಿ ನಲ್ಲ ನಾಳು, ಒಳ್ಳೆ ದಿನ. ನಿಮ್ಮ ಹಣಿಗೆ ಕೊಡ್ತೀರಾ?” ಎಂದು ಸುಗನ್ಯಾ ಬಾಗಿಲಲ್ಲಿ ನಿಂತಳು.

“ಕೊಡ್ದೆ ಇರ್ತೀನಾ?” ಎಂದ ನಾಚಿಯಮ್ಮ ಒಳಗೆ ಹೋಗಿ, ಎಳೆಗಳನ್ನೆಲ್ಲ ಹಣಿಗೆಯ ಅಂಚಿಗೇ ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಹೊಟ್ಟೆ ತಣ್ಣಗಾಯಿತು.

ಮರುದಿನ ಹೋಟೆಲಿನ ಜೀಪು ಬಂದು ಅವಳ ಮನೆ ಮುಂದೆಯೇ ನಿಂತಿತು. ಇನ್ನು ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಣಿಗೆಗೆ ತುಂಬಬೇಕು, ಅದಕ್ಕೆ ನಮ್ಮಕ್ಕನೇ ಆಗಬೇಕು ಎಂದಿದ್ದಳಂತೆ ಸುಗನ್ಯಾ. ಬೀದಿಯೆಲ್ಲ ನೋಡುತ್ತಿರುವಾಗ ಒಲ್ಲೆ ಎನ್ನುವುದು ಹೇಗೆ? ತನ್ನ ಕಿತಾಪತಿಗೆ ತಾನೇ ಸೊಂಟ ಬಗ್ಗಿಸಿ, ಆ ಕಲ್ಲಿನ ಕಣಜದಲ್ಲಿ ಕಣ್ಣು ನೋಯುವವರೆಗೆ ಎಳೆ ತುಂಬಿದಳು. ತುಂಬಿ ಮುಗಿದ ಮೇಲೆ ಮಗ್ಗಕ್ಕೆ ಕೂತವಳು ಸುಗನ್ಯಾ. ಅತಿಥಿಗಳು ಮೊಬೈಲ್ ಎತ್ತಿದರು. ಫೋಟೋಗೆ ಅಡ್ಡವಾಗುತ್ತಾಳೆಂದು ಒಬ್ಬ ನಾಚಿಯಮ್ಮನಿಗೆ ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿದ.

ಗೋಡೆಗೆ ಸರಿದು ನಿಂತವಳಿಗೆ ವಸಂತಕುಮಾರ್ ನೀರು ತಂದುಕೊಟ್ಟು ತಮಿಳಿನಲ್ಲಿ ಹೇಳಿದ: “ಸದ್ಯ ನೀವು ಬಂದ್ರಿ ಅಮ್ಮಾ. ಎಳೆ ಎಲ್ಲಾ ಇಲಿ ಕಡಿದಿತ್ತಂತಲ್ಲ, ಪಾಪ.”

“ಯಾರು ಹೇಳಿದ್ದು?”

“ಸುಗನ್ಯಾ ಅವ್ರೇ.”

ನಾಚಿಯಮ್ಮ ಮಗ್ಗದ ಕಡೆ ನೋಡಿದಳು. ಇಲಿ ಕಡಿದ ಎಳೆ ಯಾವುದು, ಕತ್ತರಿ ಹಾಕಿದ ಎಳೆ ಯಾವುದು ಎಂದು ತಿಳಿಯದ ನೇಕಾರರಿಲ್ಲ. ಸುಗನ್ಯಾ ತಲೆ ಎತ್ತದೆ ಲಾಳಿ ಎಸೆಯುತ್ತಿದ್ದಳು. ಮಗ್ಗ ಸಿಕ್ಕಿದ್ದು ಸಾಲದು ಅಂತ ಒಳ್ಳೆಯವಳೂ ಇವಳೇ ಆದಳಲ್ಲ ಎಂದು ನಾಚಿಯಮ್ಮನ ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯಿತು.