ದಿವಾಕರಣ್ಣನ ಒಗ್ಗರಣೆ ಡಬ್ಬಿ

ಟಿಪ್ಪಣಿ ಬರೆಯುವ ತಂತ್ರಾಂಶವನ್ನು ಬೇಕಾದಂತೆ ಮಾರ್ಪಡಿಸಿಕೊಳ್ಳಿ ಎಂದು ನಮಗೆ ಹೇಳಿ, ಅದಕ್ಕೆ ಬೇಕಾದ ಪ್ಲಗಿನ್‌ಗಳನ್ನು ಒಂದೆಡೆ ಇಡುವ ಕೆಲಸವನ್ನು ಮಾತ್ರ ಕೈಬಿಟ್ಟ ಬಳಕೆದಾರರ ಸಂಘದ ಪದಾಧಿಕಾರಿಗಳೇ, ಆ ಹೊಣೆ ನಿಮ್ಮದಾಗಿತ್ತು. ಅದನ್ನು ಹೊತ್ತವರು ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿದ್ದ ದಿವಾಕರಣ್ಣ.

ಯಾರು ಸೀಡಿ ತಂದುಕೊಟ್ಟರೂ ದಿವಾಕರಣ್ಣ ಮೊದಲು ಅದನ್ನು ಮೂಗಿನ ಬಳಿ ಹಿಡಿಯುತ್ತಿದ್ದರು. "ಹಳಸಿದೆಯಾ ನೋಡ್ಬೇಕಲ್ಲ" ಎನ್ನುವರು, ನಗದೆ. ತಂತ್ರಾಂಶ ಅವರಿಗೆ ಸಾರು. ಅದಕ್ಕೆ ಹೊಸ ಗುಣ ಸೇರಿಸುವ ಪುಟ್ಟ ಪ್ಲಗಿನ್ ಒಗ್ಗರಣೆ.

ನಾನಾಗ ಎಂ.ಎ. ಪ್ರಬಂಧಕ್ಕಾಗಿ ಸುತ್ತಲಿನ ಮನೆಮಾತಿನ ಪದಗಳನ್ನು ಆ ತಂತ್ರಾಂಶದಲ್ಲಿ ಕೂಡಿಡುತ್ತಿದ್ದೆ. ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ಲಗಿನ್ ಕೊಪ್ಪದಲ್ಲೊಂದು, ಶೃಂಗೇರಿಯಲ್ಲೊಂದು, ನರಸಿಂಹರಾಜಪುರದಲ್ಲೊಂದು. ಎಲ್ಲದರ ಹೆಸರೂ 'ಹೊಸದು'. ಗೆಳತಿ ಕೊಟ್ಟ 'ಹೊಸದು' ಹಾಕಿದ್ದೇ ತಡ, ಒತ್ತಕ್ಷರಗಳೆಲ್ಲ ಖಾಲಿ ಚೌಕಗಳಾದವು. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಅಂಗಡಿಗೆ ಓಡಿದೆ.

"ಯಾರು ಕೊಟ್ಟದ್ದು?"

"ಎನ್.ಆರ್. ಪುರದ ಗೆಳತಿ. ಹೊಸದು ಅಂದ್ಲು."

"ಅವಳಿಗೆ ಹೊಸದು ಮಾರಾಯ್ತಿ. ನಾವದನ್ನ ಉಂಡು ಕೈ ತೊಳೆದು ಎಷ್ಟು ಕಾಲ ಆಯ್ತು. ಅಳ್ಬೇಡ, ಸಾರಿಗೆ ಎಂತ ಆಗ್ಲಿಲ್ಲ. ಒಗ್ಗರಣೆ ಸೀದದ್ದು, ಅಷ್ಟೆ."

ಸರಿಯಾದುದನ್ನು ಹುಡುಕಿ ಹಾಕಿದರು. ಪರದೆಯ ಮೇಲೆ ಮೊದಲು ಮರಳಿದ ಪದ 'ಅಬ್ಬಿ', ನಮ್ಮ ಕಡೆಯ ಜಲಪಾತ. ಅದರ ಹಿಂದೆ ಉಳಿದವೆಲ್ಲ ಬಂದವು.

"ಇನ್ನು ಉಸಿರು ಬಿಡು" ಎಂದರು.

ಅದಾದ ಮೇಲೆ ಅವರು ಜಾಲತಾಣವೊಂದನ್ನು ತೆರೆದು 'ಒಗ್ಗರಣೆ ಡಬ್ಬಿ' ಎಂದು ಹೆಸರಿಟ್ಟರು. ಊರೂರಿನ ಪ್ಲಗಿನ್‌ಗಳೆಲ್ಲ ಅಲ್ಲಿಗೆ ಬಂದವು. 'ಹೊಸದು' ಎಂಬ ಹೆಸರಿಗೆ ಪ್ರವೇಶವಿರಲಿಲ್ಲ. ಹಳೆಯದನ್ನು ಎಸೆಯುವಂತಿರಲಿಲ್ಲ. ಒಂದೂರಿನವರು ಬರೆದದ್ದನ್ನು ಇನ್ನೊಂದೂರಿನವರು ಬಳಸಿ ನೋಡಿದ ಮೇಲಷ್ಟೇ ಒಳಗೆ. ಈ ಕೊನೆಯ ನಿಯಮಕ್ಕೆ ಶೃಂಗೇರಿಯ ಮೇಷ್ಟರೊಬ್ಬರು ಸಿಟ್ಟಾದಾಗ, "ನಮ್ಮ ಕೈರುಚಿ ನಮಗೆ ಗೊತ್ತಾಗೂದಿಲ್ಲ ಮೇಷ್ಟ್ರೇ" ಎಂದು ಚಹಾ ತರಿಸಿದರು.

ಕೊನೆಯ ಸಲ ಕಂಡಾಗ ಅವರು ಆಸ್ಪತ್ರೆಗೆ ಹೊರಟಿದ್ದರು. ಡಬ್ಬಿಯ ಪಾಸ್‌ವರ್ಡ್ ನನಗೆ ಹೇಳಿ, "ಮುಚ್ಚಳ ಬಿಗಿ ಮಾಡ್ಬೇಡ, ಮಾರಾಯ್ತಿ" ಎಂದರು. ಮರಳಿ ಬರಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿದ ಸಂಜೆ ಹೆದರುತ್ತಲೇ ತಾಣವನ್ನು ತೆರೆದೆ. ಒಂದು ಪ್ಲಗಿನ್ನೂ ಕಳೆದಿರಲಿಲ್ಲ. ಪದಗಳು ಮರಳಿದ ದಿನ ಬಿಟ್ಟಂಥದೇ ಉಸಿರು ಬಿಟ್ಟೆ.

ಆದರೆ ಒಬ್ಬಳ ನೆನಪಿನಲ್ಲಿರುವ ಪಾಸ್‌ವರ್ಡ್ ವ್ಯವಸ್ಥೆಯಲ್ಲ. ಆದ್ದರಿಂದ ಸಂಘವು ಈ ಭಂಡಾರವನ್ನು ಅದೇ ಹೆಸರು, ಅದೇ ನಿಯಮಗಳೊಂದಿಗೆ ವಹಿಸಿಕೊಳ್ಳಬೇಕೆಂದೂ, ಇಷ್ಟು ಕಾಲ ಏಕೆ ವಹಿಸಿಕೊಳ್ಳಲಿಲ್ಲವೆಂಬುದಕ್ಕೆ ಲಿಖಿತ ಉತ್ತರ ನೀಡಬೇಕೆಂದೂ ಕೋರುತ್ತೇನೆ. ಉತ್ತರದಲ್ಲಿ 'ಹೊಸ ಸಮಿತಿ' ಎಂಬ ಮಾತು ಬೇಡ. ಹೊಣೆ ಹೊರುವವರ ಹೆಸರು ಬರೆಯಿರಿ.