ಬಾಯಿಯಲ್ಲಿ ಹಿಡಿದ ನೀರು

ಬಾಯಿತುಂಬ ನೀರು ತೆಗೆದುಕೊಂಡು, ಕೆನ್ನೆಗಳನ್ನು ಉಬ್ಬಿಸಿ, ತುಟಿಗಳನ್ನು ಬಿಗಿಹಿಡಿದು ಆತನು ಫುರ್ರೆಂದು ಊದಿದನೆಂದರೆ, ಮೇಜಿನ ಮೇಲೆ ಹರಡಿದ ಅಂಗಿಯ ಮೇಲೆ ಮಂಜು ಇಳಿದಂತೆ ಹನಿಗಳು ಇಳಿಯುತ್ತಿದ್ದವು. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ. ಆಮೇಲೆ ಇದ್ದಲು ತುಂಬಿದ ಇಸ್ತ್ರಿಪೆಟ್ಟಿಗೆ ಹಾದುಹೋದರೆ ಬಟ್ಟೆ ಒಮ್ಮೆ ಉಸಿರುಬಿಟ್ಟು ಮಟ್ಟಸವಾಗಿ ಮಲಗುತ್ತಿತ್ತು. ಈ ಕೈಚಳಕಕ್ಕೆ, ಅಲ್ಲ, ಬಾಯಿಚಳಕಕ್ಕೆ, ಬೀದಿಯವರು ಆತನಿಗೆ ತುಂತುರಪ್ಪನೆಂದು ಹೆಸರಿಟ್ಟಿದ್ದರು. ತಂದೆತಾಯಿ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಹೆಂಡತಿಯಂತೂ ಮೊದಲಿನಿಂದಲೂ ‘ರೀ’ ಎಂದೇ ಕರೆಯುವವಳಾದ್ದರಿಂದ ಆಕೆಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಎದುರುಮನೆಯ ಮೇಷ್ಟ್ರು ಮಾತ್ರ ಅಂಗಿ ತಂದುಕೊಡುವಾಗಲೆಲ್ಲ ಕೆಣಕುತ್ತಿದ್ದರು.

“ಬೆಳಿಗ್ಗೆ ನೀನು ಏನು ತಿಂದೆ ಅಂತ ನನ್ನ ಕಾಲರು ಮೂಸಿದ್ರೆ ಗೊತ್ತಾಗತ್ತೆ ಕಣಯ್ಯ.”

“ಅದಕ್ಕೇ ಈರುಳ್ಳಿ ತಿಂದ ದಿನ ನಿಮ್ಮ ಅಂಗಿ ಮುಟ್ಟೋದೇ ಇಲ್ಲ ಮೇಷ್ಟ್ರೇ,” ಎಂದು ಈತನು ತಲೆಯೆತ್ತದೆ ಉತ್ತರ ಕೊಡುತ್ತಿದ್ದನು.

ಅಂಗಡಿಯೆಂದರೆ ಮನೆಯ ಮುಂಗೋಣೆಯೇ. ಬೀದಿಗೆ ತೆರೆದ ಎರಡು ಹಲಗೆಯ ಬಾಗಿಲು, ಕಂಬಳಿ ಹಾಸಿದ ಮೇಜು, ಗೋಡೆಗೆ ತಾಗಿಸಿ ಕಟ್ಟಿದ ಹಗ್ಗದ ಮೇಲೆ ಸಾಲಾಗಿ ತೂಗುವ ಬಟ್ಟೆಗಳು. ಒಳಕ್ಕೆ ಹೋಗುವ ದಾರಿಗೆ ಕದವಿಲ್ಲ, ತೆಳುವಾದ ಹಳೆಯ ಪರದೆ ಮಾತ್ರ. ಬೆಂಕಿಯ ಮುಂದೆ ನಿಲ್ಲುವ ಕೆಲಸವಾದ್ದರಿಂದ ಈತನು ನೀರಿನ ದೊಡ್ಡ ಭಕ್ತನಾಗಿದ್ದನು. ಮಧ್ಯಾಹ್ನ ಹೆಂಡತಿ ತುಂಬಿದ ಚೊಂಬು ತಂದರೆ ಇಬ್ಬರೂ ಹೊಸ್ತಿಲ ಮೇಲೆ ಕುಳಿತು, ಒಬ್ಬರಾದ ಮೇಲೊಬ್ಬರು ಎತ್ತಿ ಕುಡಿದು ಬರಿದುಮಾಡುವರು. ಮಕ್ಕಳಿಲ್ಲದ ಆ ಮನೆಯಲ್ಲಿ ದಿನದ ಸುಖವೆಂದರೆ ಅದೇ. ದೇವರು ಕೊಡುವ ದೊಡ್ಡ ವರಗಳು ಎಷ್ಟು ಅಗ್ಗವಾದ ಪಾತ್ರೆಯಲ್ಲಿ ಬರುತ್ತವೆಂಬುದು ಅವು ಕೈಬಿಟ್ಟ ಮೇಲೆಯೇ ಮನುಷ್ಯನಿಗೆ ತಿಳಿಯುವುದು.

ಕೈಬಿಟ್ಟದ್ದು ಹೀಗೆ. ಮೊದಲು ಪಾದಗಳು ಊದಿಕೊಂಡವು. ಆಮೇಲೆ ಮುಖ. ಪರೀಕ್ಷೆಗಳಾದ ಮೇಲೆ ಡಾಕ್ಟರು, ಎರಡು ಮೂತ್ರಪಿಂಡಗಳೂ ಕೈಚೆಲ್ಲಿವೆ, ಇನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರವೇ ಅವುಗಳ ಕೆಲಸ ಮಾಡಬೇಕೆಂದು ತಿಳಿಸಿದರು. ಒಳಗೆ ಹೋದ ನೀರು ಇನ್ನು ಹೊರಗೆ ಹೋಗುವುದಿಲ್ಲ. ಅದು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶಕ್ಕೆ ಏರುತ್ತದೆ, ಉಸಿರನ್ನೇ ಅಡ್ಡಗಟ್ಟುತ್ತದೆ. ಆದ್ದರಿಂದ ದಿನಕ್ಕೆ ಇಷ್ಟೇ ಎಂದು ಅಳತೆಯ ಲೋಟವೊಂದನ್ನು ಗೊತ್ತುಮಾಡಿದರು. ಸಾರು, ಕಾಫಿ, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರ ಲೆಕ್ಕಕ್ಕೇ ಸೇರಬೇಕಾಗಿತ್ತು.

ಆಸ್ಪತ್ರೆಯ ಯಂತ್ರದ ಕೋಣೆಯಲ್ಲಿ ಹಾಸಿಗೆಗಳ ಸಾಲು. ಪ್ರತಿ ಹಾಸಿಗೆಯ ಪಕ್ಕದಲ್ಲೂ ಗುಂಯ್ಗುಡುವ ಒಂದು ಯಂತ್ರ. ಅದರ ಮೈಗೆ ಸಿಕ್ಕಿಸಿದ ಗಾಜಿನಂಥ ಕೊಳವೆಯೊಂದರ ಹೊಟ್ಟೆಯಲ್ಲಿ ಈತನ ರಕ್ತ ಹೋಗಿ ಬರುತ್ತಿತ್ತು. ಮೊದಲ ದಿನ ಈತನ ಕಣ್ಣಿನ ಅಂಜಿಕೆಯನ್ನು ಕಂಡ ಸಿಸ್ಟರು ಹಾಸಿಗೆಯ ಅಂಚಿನಲ್ಲಿ ಕುಳಿತರು.

“ಬಕೆಟ್ ನೀರಿಗೆ ಒಂದು ಹನಿ ನೀಲಿ ಬಿಟ್ಟು ಕಲಕದೇ ಇದ್ರೆ ಏನಾಗತ್ತೆ ಯಜಮಾನ್ರೇ?”

“ತಾನಾಗೇ ಹರಡ್ಕೊಳ್ಳತ್ತೆ ಸಿಸ್ಟರ್. ನಿಧಾನಕ್ಕೆ. ಬಕೆಟ್ಟೆಲ್ಲಾ ಒಂದೇ ಬಣ್ಣ ಆಗೋವರೆಗೂ.”

“ಇದರೊಳಗೆ ಆಗೋದೂ ಅದೇ.”

ಆ ಕೊಳವೆಯೊಳಗೆ ಕೂದಲೆಳೆಯಷ್ಟು ಸಪುರವಾದ ಸಾವಿರಾರು ನಾಳಗಳಿವೆಯೆಂದೂ, ಅವುಗಳ ಗೋಡೆ ಬಲು ತೆಳುವಾದ ಪೊರೆಯೆಂದೂ ಸಿಸ್ಟರು ವಿವರಿಸಿದರು. ಪೊರೆಯ ಒಳಬದಿಯಲ್ಲಿ ರಕ್ತ, ಹೊರಬದಿಯಲ್ಲಿ ಶುದ್ಧ ದ್ರವ. ರಕ್ತದಲ್ಲಿ ಕಿಕ್ಕಿರಿದ ಕಶ್ಮಲವು ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ, ನೀಲಿ ಹರಡಿದಂತೆ, ಯಾರೂ ದೂಡದೆಯೇ ಸಾಗುತ್ತದೆ. ರಕ್ತಕಣಗಳು ಆ ರಂಧ್ರಗಳಲ್ಲಿ ತೂರಲಾರದಷ್ಟು ದೊಡ್ಡವಾದ್ದರಿಂದ ಮನೆಯಲ್ಲೇ ಉಳಿಯುತ್ತವೆ. ಹೆಚ್ಚಾದ ನೀರನ್ನು ಮಾತ್ರ ಯಂತ್ರವೇ ಒತ್ತಡ ಹಾಕಿ ಸೆಳೆಯಬೇಕು, ಅದಕ್ಕೂ ಒಂದು ಮಿತಿಯಿದೆ. ನೀಲಿಯ ಮಾತು ಬಂದಮೇಲೆ ಈತನ ಅಂಜಿಕೆ ಅರ್ಧ ಇಳಿಯಿತು. ಯಂತ್ರವೂ ತನ್ನ ಹಾಗೆಯೇ ಮಡಿ ಮಾಡುವ ಕಸುಬಿನದೆಂದು ಅದರ ಮೇಲೆ ಒಂದು ಬಗೆಯ ಸಲುಗೆ ಹುಟ್ಟಿತು.

ಆದರೆ ಬಾಯಾರಿಕೆಗೆ ಯಾವ ಸಲುಗೆಯೂ ತಿಳಿಯದು. ಪಕ್ಕದ ಹಾಸಿಗೆಯ ಲಾರಿ ಡ್ರೈವರನು ಒಮ್ಮೆ ನಿಟ್ಟುಸಿರು ಬಿಟ್ಟು, “ನನ್ನ ಗಾಡಿ ರೇಡಿಯೇಟರಿಗೆ ಬಕೆಟ್‌ಗಟ್ಟಲೆ ಸುರಿತಿದ್ದೆ ಅಣ್ಣಾ. ಈಗ ಅದನ್ನ ಕಂಡ್ರೆ ಹೊಟ್ಟೆಕಿಚ್ಚು,” ಎಂದಾಗ ಇಡೀ ಕೋಣೆ ನಕ್ಕಿತು. ನಕ್ಕವರ ತುಟಿಗಳೆಲ್ಲ ಒಣಗಿದ್ದವು.

ಬಾಯಾರಿಕೆಯ ಮೂಲವನ್ನೂ ಸಿಸ್ಟರೇ ಹೇಳಿಕೊಟ್ಟಿದ್ದರು. ಸೌತೆಕಾಯಿಯ ಹೋಳಿಗೆ ಉಪ್ಪು ಸವರಿಟ್ಟರೆ ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ನೀರು ನಿಲ್ಲುವುದಿಲ್ಲವೇ? ಕಾಯಿಯ ಜೀವಕೋಶಗಳ ಪೊರೆ ನೀರಿಗೆ ದಾರಿ ಬಿಡುತ್ತದೆ, ಉಪ್ಪಿಗೆ ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಉಪ್ಪು ಹೆಚ್ಚಿರುವ ಕಡೆಗೆ ನೀರೇ ಹೊರಟು ಬರುತ್ತದೆ. ನಮ್ಮ ಮೈಯಲ್ಲೂ ಹಾಗೆಯೇ. ರಕ್ತದಲ್ಲಿ ಉಪ್ಪು ಏರಿದಾಗ ಜೀವಕೋಶಗಳ ಒಳಗಿನ ನೀರು ಹೊರಗೆ ಬಂದು ಅವು ಕುಗ್ಗುತ್ತವೆ. ಮಿದುಳಿನಲ್ಲಿರುವ ಕೆಲವು ಕೋಶಗಳು ಈ ಕುಗ್ಗನ್ನು ಅರಿತು ನೀರು ನೀರೆಂದು ಮೊರೆಯಿಡುತ್ತವೆ. ಆಹಾ, ಸೃಷ್ಟಿಕರ್ತನು ಅಷ್ಟು ಸಣ್ಣ ಕೋಶಕ್ಕೂ ಕೋಟೆಯ ಗೋಡೆಯನ್ನು ಕಟ್ಟಲಿಲ್ಲ. ಒಳಗಿನದಕ್ಕೂ ಹೊರಗಿನದಕ್ಕೂ ಕೊಡುಕೊಳ್ಳುವಿಕೆ ಇರಲೆಂದು ಪೊರೆಯನ್ನು ಹೊದಿಸಿದನು. ಒಂದು ಬದಿ ಬಾಡುವಾಗ ಇನ್ನೊಂದು ಬದಿ ಅರಿಯದೆ ಇರಬಾರದೆಂದೇ ಆತನ ಚಿತ್ತವಿದ್ದೀತು.

ಹೆಂಡತಿ ಅಂದಿನಿಂದ ಅಡುಗೆಯ ಉಪ್ಪನ್ನು ಚಿಟಿಕೆಗೆ ಇಳಿಸಿದಳು. ಗಂಡನ ಕಣ್ಣಿಗೆ ಬೀಳುವ ಕಡೆ ಕುಡಿಯುವ ನೀರಿನ ಪಾತ್ರೆಯನ್ನೇ ಇಡಲಿಲ್ಲ. ತಾನು ನೀರು ಕುಡಿಯುವುದನ್ನೂ ಆತನಿಗೆ ತೋರಿಸಲಿಲ್ಲ. ಮಧ್ಯಾಹ್ನ ಹೊಸ್ತಿಲಿಗೆ ಬಂದು ಕೂರುವುದು ತಾನಾಗಿ ನಿಂತುಹೋಯಿತು. ಕೂತು ಮಾಡುವುದಾದರೂ ಏನು? ಈತನು ಕೆಲಸದ ನಡುವೆ ಪರದೆಯ ಕಡೆ ನೋಡುವನು. ಆಚೆ ಆಕೆಯ ಬಳೆಯ ಸದ್ದು, ಪಾತ್ರೆಯ ಸದ್ದು. ನೀರಿನ ಸದ್ದು ಮಾತ್ರ ಇಲ್ಲ, ನಲ್ಲಿಯನ್ನೂ ಆಕೆ ಬಟ್ಟೆ ಸುತ್ತಿ ತಿರುಗಿಸುತ್ತಿದ್ದಳು. ನೀರಿಗಾಗಿ ಗಂಟಲು ಹಂಬಲಿಸಿದಷ್ಟೇ, ಆ ಹೊಸ್ತಿಲ ಸಂಗಕ್ಕಾಗಿ ಮನಸ್ಸು ಹಂಬಲಿಸುತ್ತಿತ್ತು. ಹೇಳಿಕೊಂಡರೆ ಆಕೆ ಮತ್ತಷ್ಟು ಕೊರಗಿಯಾಳೆಂದು ಬಾಯಿಬಿಡಲಿಲ್ಲ.

ಹೀಗಿರುವಾಗ ತೂಕದ ಯಂತ್ರವು ಈತನ ಮೇಲೆ ಸಾಕ್ಷಿ ಹೇಳತೊಡಗಿತು. ಪ್ರತಿ ಸಲ ಹಾಸಿಗೆ ಏರುವ ಮೊದಲು ತೂಕ ನೋಡುವರು. ಅಳತೆಯ ನೀರಿಗೆ ಇಷ್ಟೇ ಏರಬೇಕೆಂದು ಒಂದು ಲೆಕ್ಕ. ಈತನ ತೂಕ ಪ್ರತಿ ಸಲವೂ ಅದನ್ನು ದಾಟುತ್ತಿತ್ತು. ನೀರನ್ನು ಅವಸರದಿಂದ ಸೆಳೆದಾಗ ಕಾಲುಗಳಿಗೆ ಸೆಳೆತ ಬಂದು ಈತನು ಹಲ್ಲುಕಚ್ಚಿ ನರಳುವನು. ಒಂದು ದಿನ ಸಿಸ್ಟರು ಬಾಗಿಲ ಬಳಿ ಗಂಡಹೆಂಡತಿ ಇಬ್ಬರನ್ನೂ ನಿಲ್ಲಿಸಿಕೊಂಡರು.

“ಬೈಯೋದಿಲ್ಲ, ನಿಜ ಹೇಳಿ. ಕದ್ದು ಕುಡೀತಿದೀರಾ?”

“ದೇವರಾಣೆ ಇಲ್ಲ ಸಿಸ್ಟರ್. ಲೋಟದ ಮೇಲೆ ಒಂದು ತೊಟ್ಟೂ ಇಲ್ಲ.”

ಈ ನೀರು ಒಮ್ಮೆ ಶ್ವಾಸಕೋಶ ತುಂಬಿದರೆ ಯಂತ್ರದವರೆಗೆ ಬರಲಿಕ್ಕೂ ಪುರುಸೊತ್ತು ಸಿಗುವುದಿಲ್ಲವೆಂದು ಸಿಸ್ಟರು ಹೆಂಡತಿಗೆ ಮಾತ್ರ ಮೆಲ್ಲಗೆ ತಿಳಿಸಿದರು.

ಮನೆಯ ದಾರಿಯುದ್ದಕ್ಕೂ ಆಕೆ ಅದನ್ನೇ ಯೋಚಿಸಿದಳು. ಗಂಡ ಸುಳ್ಳು ಹೇಳುವವನಲ್ಲ, ಅದು ಆಕೆಗೆ ತಿಳಿದಿತ್ತು. ಆದರೆ ತೂಕದ ಯಂತ್ರಕ್ಕೆ ಯಾರ ಮೇಲೂ ಹಗೆಯಿರಲಿಲ್ಲವಲ್ಲ. ಬದುಕು ಸಾಕೆನಿಸಿ ಆತನೇ ಬೇಕೆಂದು ಕುಡಿಯುತ್ತಿದ್ದರೆ? ಈತನಿಗೋ, ಸಿಸ್ಟರು ಕೇಳಿದ್ದಕ್ಕಿಂತ ಪಕ್ಕದಲ್ಲಿದ್ದವಳು “ನಮ್ಮೋರು ಅಂಥೋರಲ್ಲ” ಎಂದು ಒಂದು ಮಾತು ಆಡದೆ ಹೋದದ್ದೇ ಎದೆಯಲ್ಲಿ ನೆಟ್ಟಿತ್ತು. ಅಂದು ಸಂಜೆಯ ಪ್ರಾರ್ಥನೆಗೆ ಇಬ್ಬರೂ ಕುಳಿತರು. ಇಬ್ಬರೂ ಒಬ್ಬನೇ ದೇವರ ಮುಂದೆ, ಬೇರೆಬೇರೆಯಾಗಿ ಕುಳಿತರು.

ಮರುದಿನ ಬೆಳಿಗ್ಗೆ ಆಕೆ ಒಗೆದ ಬಟ್ಟೆಯ ಗಂಟನ್ನು ಪರದೆಯ ಹಿಂದೆ ಬಿಚ್ಚಿಕೊಂಡು ಮಡಿಸುತ್ತ ಕುಳಿತಳು. ಹಳೆಯ ಪರದೆಯ ನೇಯ್ಗೆ ಸಡಿಲವಾಗಿತ್ತು. ಅಂಗಡಿ ಕಾಣುತ್ತಿತ್ತು. ಗಂಡನನ್ನು ಕಾವಲು ಕಾಯುವ ಕೆಲಸ ಆಕೆಗೆ ಹೇಸಿಗೆಯೆನಿಸಿತು. ಆದರೂ ಕಾದಳು. ಆತನು ಒಳಗೆ ಬಂದು ಕೊಡಕ್ಕೆ ಕೈಹಾಕಲಿಲ್ಲ, ಬೀದಿಯ ನಲ್ಲಿಗೆ ಹೋಗಲಿಲ್ಲ. ಮೇಜಿನ ಮೇಲಿದ್ದ ಬಟ್ಟಲಿನಿಂದ ಬಾಯಿತುಂಬ ನೀರು ತೆಗೆದುಕೊಂಡನು. ತುಸು ಹೊತ್ತು ಹಾಗೆಯೇ ಹಿಡಿದು ಕಣ್ಣುಮುಚ್ಚಿದನು. ಫುರ್ರೆಂದು ಊದಿದನು. ಅಂಗಿ ನೆನೆಯಿತು. ಆತನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡನು, ಅಷ್ಟರಲ್ಲಿ ಗಂಟಲ ಗಂಟು ಒಮ್ಮೆ ಇಳಿದು ಏರಿತು.

ಇನ್ನೊಂದು ಅಂಗಿ. ಮತ್ತೆ ಹಾಗೆಯೇ. ಪಂಚೆಯೊಂದಕ್ಕೆ ಮೂರು ಬಾಯಿ ನೀರು, ಮೂರು ಸಲವೂ ಗಂಟಲು ಇಳಿದು ಏರಿತು.

ಊದಿದ ಮೇಲೆ ಬಾಯಿಯಲ್ಲಿ ಉಳಿಯುವ ಪಸೆ! ಆರೋಗ್ಯವಿದ್ದಾಗಲೂ ಅದನ್ನು ನುಂಗುತ್ತಲೇ ಇದ್ದನು, ಯಾರು ಗಮನಿಸಿದ್ದರು? ಬೆಳಗಿನಿಂದ ಸಂಜೆಯವರೆಗೆ ಆ ತೊಟ್ಟುಗಳೆಲ್ಲ ಕೂಡಿದರೆ ಎಷ್ಟಾಗಬೇಕು! ಆಕೆಯ ಎದೆಯ ಮೇಲಿನ ಕಲ್ಲು ಇಳಿಯಿತು. ಗಂಡ ಸಾವನ್ನು ಹುಡುಕುತ್ತಿಲ್ಲ. ಪರದೆಯನ್ನು ಸರಿಸಿ ಹೊರಬಂದವಳು ಅಳುತ್ತಿದ್ದಳೋ ನಗುತ್ತಿದ್ದಳೋ ಆತನಿಗೆ ತಿಳಿಯಲಿಲ್ಲ.

“ರೀ, ನೀವು ಕುಡೀತಿಲ್ಲ ಕಣ್ರೀ. ನಿಮ್ಮ ಗಂಟಲು ಕುಡೀತಿದೆ.”

ಆತನು ನಂಬಲಿಲ್ಲ. ಆಕೆ ಆತನ ಬೆರಳುಗಳನ್ನು ಹಿಡಿದು ಆತನ ಗಂಟಲ ಮೇಲೆಯೇ ಇಡಿಸಿ, ಇನ್ನೊಂದು ಸಲ ಊದಿರೆಂದಳು. ಊದಿದನು. ಬೆರಳಿನ ಕೆಳಗೆ ಗಂಟು ಜಾರಿತು. ಆತನ ಮುಖ ಬಾಡಿತು.

“ಅದು ಬಟ್ಟೆ ನೀರು ಅಂದ್ಕೊಂಡಿದ್ದೆ ಕಣೇ. ನನ್ನ ಲೆಕ್ಕಕ್ಕೆ ಸೇರತ್ತೆ ಅಂತ ಹೊಳೀಲೇ ಇಲ್ಲ.” ಗಂಟಲ ಮೇಲಿಂದ ಬೆರಳು ತೆಗೆದು, “ಬಾಯಲ್ಲಿ ಹಿಡ್ಕೋತಿದ್ದೆ, ಅದು ನಿಜ. ಅಷ್ಟು ಹೊತ್ತು ಪ್ರಾಣಕ್ಕೆ ತಂಪಾಗ್ತಿತ್ತು,” ಎಂದನು.

ನಿನ್ನೆ ಸಿಸ್ಟರ ಮುಂದೆ ತಾನು ಸುಮ್ಮನಿದ್ದುದು ತಪ್ಪೆಂದು ಆಕೆ ಒಪ್ಪಿಕೊಂಡಳು. ಅರಿಯದೆಯೇ ದೇವರ ಮೇಲೆ ಆಣೆಯಿಟ್ಟದ್ದಕ್ಕಾಗಿ ಆತನು ಕೈಮುಗಿದು ಕ್ಷಮೆ ಬೇಡಿದನು. ಮುಂದಿನ ಸಲ ಸಂಗತಿ ತಿಳಿದ ಸಿಸ್ಟರು ಹಣೆಗೆ ಕೈಹಚ್ಚಿಕೊಂಡರು, ಡ್ರೈವರನು ಮಾತ್ರ “ಕಳ್ಳ ಸಿಕ್ಕಿದ್ದು ಕೊರಳಲ್ಲೇ!” ಎಂದು ನಕ್ಕನು.

ಬಾಯಿಯಲ್ಲಿ ನೀರು ಹಿಡಿಯುವುದು ನಿಂತಿತು. ಮುಚ್ಚಳಕ್ಕೆ ತೂತು ಕೊರೆದ ಬಾಟಲಿ ಬಂತು. ತೂಕ ಹದಕ್ಕೆ ಬಂತು, ಕಾಲಿನ ಸೆಳೆತ ತಗ್ಗಿತು. ಆದರೆ ಬಾಟಲಿಯ ಹನಿಗಳು ದಪ್ಪ, ಗಂಜಿ ಹಾಕಿದ ಬಟ್ಟೆಯ ಮೇಲೆ ಕಲೆಕಲೆಯಾಗಿ ನಿಲ್ಲುವವು. ಮೇಷ್ಟ್ರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು, ಮಡಚಿಕೊಂಡು ಹೋದರು. ಕೆಣಕುವವರು ಕೆಣಕದೆ ಹೋದದ್ದು ಈತನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಒಮ್ಮೊಮ್ಮೆ ತುಟಿಗಳು ತಾವಾಗಿಯೇ ಬಿಗಿದು, ಬರಿದಾದ ಬಾಯಿಯಿಂದ ಗಾಳಿ ಮಾತ್ರ ಹೊರಡುವುದು. ನೀರಿನೊಡನೆ ಉಳಿದಿದ್ದ ಕಟ್ಟಕಡೆಯ ನಂಟೂ ಹರಿದಿತ್ತು.

ಒಂದು ಮಧ್ಯಾಹ್ನ ಹೆಂಡತಿ ಬಂದು ಬಾಟಲಿಯನ್ನು ಪಕ್ಕಕ್ಕಿಟ್ಟಳು.

“ನಂಗೆ ಕಲಿಸಿ. ನಾನು ಊದ್ತೀನಿ.”

ಮೊದಲ ಸಲ ಊದಿದ್ದು ಅಂಗಿಗೆ ಬೀಳದೆ ಆಕೆಯ ಸೆರಗನ್ನೇ ತೋಯಿಸಿತು. ಎರಡನೆಯದು ಗಂಡನ ಮುಖಕ್ಕೆ ಹೋಯಿತು. ಆತನು ಒರೆಸಿಕೊಳ್ಳದೆ ಹಾಗೆಯೇ ನಿಂತು ನಕ್ಕನು. ಬಹಳ ಕಾಲದ ಮೇಲೆ ಆ ಮುಂಗೋಣೆಯಲ್ಲಿ ನಗು ಕೇಳಿತು. ತುಟಿಯ ನಡುವೆ ಎಷ್ಟು ಸಂದು ಬಿಡಬೇಕು, ಗಾಳಿಯನ್ನು ಹೊಟ್ಟೆಯಿಂದ ಹೇಗೆ ತರಬೇಕು ಎಂದು ತೋರಿಸಿಕೊಟ್ಟನು. ವಾರ ಕಳೆಯುವಷ್ಟರಲ್ಲಿ ಹನಿಗಳು ಸಣ್ಣಗಾದವು.

ಆಕೆ ಊದುವಳು, ಈತನು ಇಸ್ತ್ರಿ ಎಳೆಯುವನು. ಹಾಗೆ ಎದುರುಬದುರು ನಿಂತು ದುಡಿಯುವಾಗಲೇ ಈತನು ಒಂದನ್ನು ಕಂಡನು. ಪ್ರತಿ ಸಲ ಊದಿದ ಮೇಲೆ ಆಕೆ ಬಾಯಿಯ ಪಸೆಯನ್ನೂ ಬಿಡದೆ ಸೆರಗಿನ ತುದಿಗೆ ಒರೆಸಿಬಿಡುತ್ತಿದ್ದಳು. ಬಿಸಿಯ ಮುಂದೆ ನಿಂತು ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಬಿರಿದಿತ್ತು, ನುಂಗುವುದು ಮಾತ್ರ ಇಲ್ಲ. ಆತನು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟನು.

“ನೀನು ಎಷ್ಟು ಕುಡೀತೀಯೇ ದಿನಕ್ಕೆ?”

ಆಕೆ ಇನ್ನೊಂದು ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಮತ್ತೆ ಮತ್ತೆ ಕೇಳಿದ ಮೇಲೆ, ತಲೆತಗ್ಗಿಸಿ, ಆತನದೇ ಅಳತೆಯೆಂದಳು. ಆತನಿಗಿಲ್ಲದ್ದು ತನ್ನ ಗಂಟಲಿಗೆ ಇಳಿಯುವುದಿಲ್ಲವೆಂದಳು.

ಪ್ರೀತಿಯು ಎಷ್ಟೋ ಸಲ ದೇವರು ಕೇಳದ ಹರಕೆಗಳನ್ನು ಹೊರುತ್ತದೆ. ಒಬ್ಬರ ಬಾಯಾರಿಕೆಯನ್ನು ಇನ್ನೊಬ್ಬರು ಹೊತ್ತರೆ ಬಾಡುವವರು ಇಬ್ಬರಾಗುವರೇ ಹೊರತು ತಣಿಯುವವರು ಒಬ್ಬರೂ ಇಲ್ಲ. ಈತನು ಒಳಗೆ ಹೋದನು, ಕೊಡದಿಂದ ದೊಡ್ಡ ಲೋಟವೊಂದನ್ನು ಅಂಚಿನವರೆಗೆ ತುಂಬಿದನು, ಒಂದು ಹನಿಯೂ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ತಂದು ಆಕೆಯ ಮುಂದೆ ಚಾಚಿದನು.

“ಕುಡಿ. ನನ್ನೆದುರಿಗೇ ಕುಡಿ.”

“ನಿಮಗೆ ಆಸೆ ಆಗತ್ತೆ ರೀ.”

“ಆಗಲಿ. ಬಚ್ಚಿಟ್ರೆ ಆಗಲ್ವಾ?”

ಆಕೆ ತೆಗೆದುಕೊಂಡಳು. ಮೊದಲ ಗುಟುಕಿಗೆ ಕಣ್ಣು ತುಂಬಿತು. ಆಮೇಲೆ ನಿಲ್ಲಿಸಲಾಗಲಿಲ್ಲ, ಒಂದೇ ಉಸಿರಿಗೆ ಕುಡಿದಳು. ಲೋಟ ಬರಿದಾಗುವವರೆಗೆ ಆತನು ಕಣ್ಣು ಕೀಳದೆ ನೋಡಿದನು.

“ಹೇಗಿತ್ತು, ಹೇಳು,” ಎಂದನು.

ಆಕೆ ತುಟಿಯ ಮೇಲಿನ ಹನಿಯನ್ನು ಒರೆಸಲಿಲ್ಲ. ತಣ್ಣಗಿತ್ತೆಂದಳು. ಕೊಡದ ಮಣ್ಣಿನ ವಾಸನೆ ಸ್ವಲ್ಪ ಬಂತೆಂದಳು. ನಾಲಗೆಯ ಮೇಲೆ ಇನ್ನೂ ಇದೆ, ಎದೆಯ ನಡುವೆ ಇಳಿದದ್ದು ಗೊತ್ತಾಯಿತು, ಈಗ ಹೊಟ್ಟೆಯಲ್ಲಿ ತಂಪಾಗಿ ಕೂತಿದೆ ಎಂದಳು. ಆತನು ಮೇಜಿಗೆ ಒರಗಿ ಕಣ್ಣುಮುಚ್ಚಿ, ಇನ್ನೂ, ಇನ್ನೂ ಎಂದು ಕೇಳುತ್ತಲೇ ಇದ್ದನು.